ಅಬ್ಬಾನ ಅಳತೆ ಪುಸ್ತಕ ಮತ್ತು ಹದಿನೆಂಟು ದೇಶಗಳು

ಕಳೆದ ರಂಜಾನಿನಲ್ಲಿ ನನ್ನ ಅಕ್ಕನ ಮಗಳು ಎರಡು ವಾರ ನಮ್ಮ ಮನೆಯಲ್ಲಿದ್ದಳು. ರಾಜ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ಹುಡುಗಿ. ತರಾವೀಹ್ ನಮಾಜು ಮುಗಿದು ಮನೆಯವರೆಲ್ಲ ಮಲಗಿದ ಮೇಲೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರೆ ಸಹರಿಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಕೇಳುವವರೆಗೂ ಏಳುತ್ತಿರಲಿಲ್ಲ. ನನಗೂ ಆ ಹೊತ್ತಿನಲ್ಲೇ ಬರೆಯುವ ಚಾಳಿ. ಹೀಗಾಗಿ ಮೇಜಿನ ಆ ತುದಿಗೆ ಅವಳು, ಈ ತುದಿಗೆ ನಾನು.

ಒಂದು ರಾತ್ರಿ ತಲೆಯೆತ್ತಿ ಕೇಳಿದಳು: "ಮಾಮೂ, ಒಂದು ಕನ್ನಡ ಪದ ಬೇಕಿತ್ತು. ಫಜಿ ಅನ್ನುವುದಕ್ಕೆ ಏನನ್ನಬೇಕು?"

ಹಬ್ಬ ಮುಗಿದ ಮೇಲೆ ಒಂದು ಪದವಿ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ಅವಳು ಕನ್ನಡದಲ್ಲಿ ಮಾತಾಡಬೇಕಿತ್ತು. ಬೇರೆ ಬೇರೆ ದೇಶಗಳ ರಾಜಕೀಯವನ್ನು ಹೋಲಿಸಿ ನೋಡುವ ಅಧ್ಯಯನದಲ್ಲಿ ಫಜಿ ಸೆಟ್ ವಿಧಾನವನ್ನು ಬಳಸುವುದು ಹೇಗೆ ಎಂಬುದು ವಿಷಯ. ಸೆಟ್ ಎಂಬುದಕ್ಕೆ ನಮ್ಮ ಗಣಿತ ಪಠ್ಯಗಳಲ್ಲಿ ಗಣ ಎಂಬ ಪದವಿದೆ. ನಾನು ಏಳನೆಯ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಎಂಟನೆಯ ತರಗತಿಗೆ ಕನ್ನಡ ಹೈಸ್ಕೂಲು ಸೇರಿದಾಗ ಮೊದಲು ಕಂಗೆಡಿಸಿದ್ದೇ ಈ ಗಣಗಳು. ಹಾಗಾಗಿ ಆ ಪದ ನನಗೆ ಚೆನ್ನಾಗಿ ನೆನಪಿತ್ತು. ಫಜಿ ಎಂದರೆ ಅಸ್ಪಷ್ಟ, ಹಾಗಾದರೆ ಅಸ್ಪಷ್ಟ ಗಣ ಅನ್ನು ಎಂದೆ.

ಅವಳು ಒಪ್ಪಲಿಲ್ಲ. "ಅಸ್ಪಷ್ಟ ಅಂದರೆ ಹೇಳುವವನಿಗೇ ಗೊತ್ತಿಲ್ಲ ಅಂತ ಆಗುತ್ತದೆ. ಇದರಲ್ಲಿ ಎಲ್ಲವೂ ಗೊತ್ತಿದೆ. ಅಂಚು ಮಾತ್ರ ಚೂರಿಯಲ್ಲಿ ಕೊಯ್ದ ಹಾಗಿಲ್ಲ, ಅಷ್ಟೇ."

ದರ್ಜಿಯ ಮಗನಾದ ನನಗೆ ಅಂಚು ಎಂದ ಕೂಡಲೆ ವಿಷಯ ಅರ್ಧ ತಿಳಿಯಿತು. ಕತ್ತರಿಯಿಂದ ಕತ್ತರಿಸಿದ ಪಾಪ್ಲಿನ್ ಬಟ್ಟೆಯ ಅಂಚು ಒಂದು ರೀತಿ, ಎಳೆ ಎದ್ದ ಉಣ್ಣೆ ಕಂಬಳಿಯ ಅಂಚು ಇನ್ನೊಂದು ರೀತಿ. ಕಂಬಳಿ ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಹಾಗೆಂದು ಕಂಬಳಿ ಇಲ್ಲ ಎಂದು ಯಾರೂ ಹೇಳುವುದಿಲ್ಲ.

ಉಳಿದರ್ಧವನ್ನು ಅವಳು ತಿಳಿಸಿದಳು. ಶಾಲೆಯಲ್ಲಿ ನಾವು ಕಲಿತ ಗಣದಲ್ಲಿ ಒಂದು ವಸ್ತು ಒಳಗಿರುತ್ತದೆ, ಇಲ್ಲವೇ ಹೊರಗಿರುತ್ತದೆ. ಸಮಸಂಖ್ಯೆಗಳ ಗಣದಲ್ಲಿ ನಾಲ್ಕು ಒಳಗೆ, ಐದು ಹೊರಗೆ. ಮೂರನೆಯ ಮಾತಿಲ್ಲ. ಆದರೆ ಎತ್ತರದವರ ಗಣ ಮಾಡಿ ಎಂದರೆ? ಆರಡಿ ಇದ್ದವನು ಸರಿ, ಐದಡಿ ಹನ್ನೊಂದು ಅಂಗುಲದವನನ್ನು ಹೊರಗೆ ಹಾಕುವುದು ಹೇಗೆ? ಹಣ್ಣಾದ ಮಾವಿನ ಗಣದಲ್ಲಿ ದೋರಗಾಯಿಗೆ ಎಲ್ಲಿ ಜಾಗ? ಫಜಿ ಗಣದಲ್ಲಿ ಇಂಥದ್ದಕ್ಕೆ ಸೊನ್ನೆಯಿಂದ ಒಂದರ ನಡುವೆ ಒಂದು ಸಂಖ್ಯೆ ಕೊಡುತ್ತಾರೆ. ಪೂರ್ತಿ ಹೊರಗಿದ್ದರೆ 0. ಪೂರ್ತಿ ಒಳಗಿದ್ದರೆ 1. 0.9 ಎಂದರೆ ಬಹುಮಟ್ಟಿಗೆ ಒಳಗೆ. 0.2 ಎಂದರೆ ಬಹುಮಟ್ಟಿಗೆ ಹೊರಗೆ, ಆದರೆ ಪೂರ್ತಿ ಅಲ್ಲ. 0.5 ಎಂದರೆ ಒಳಗೋ ಹೊರಗೋ ಎಂದು ಹೇಳಲಾಗದ ನಡು.

ಇದನ್ನು ಮೊದಲು ಹೇಳಿದವರು ಲುತ್ಫಿ ಝಾದೆ. ಹೆಸರು ಕೇಳಿ ನನ್ನ ಕಿವಿ ನೆಟ್ಟಗಾಯಿತು. 1921ರಲ್ಲಿ ಬಾಕುವಿನಲ್ಲಿ ಹುಟ್ಟಿದವರು. ತಂದೆ ಇರಾನಿ ಪತ್ರಕರ್ತ, ತಾಯಿ ರಷ್ಯಾದ ಯಹೂದಿ ವೈದ್ಯೆ. ಹತ್ತು ವರ್ಷದ ಹುಡುಗನಾಗಿ ತೆಹರಾನಿಗೆ ಬಂದು, ಅಲ್ಲಿ ಕ್ರೈಸ್ತ ಮಿಷನರಿಗಳ ಶಾಲೆಯಲ್ಲಿ ಓದಿ, ತೆಹರಾನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿ, 1944ರಲ್ಲಿ ಅಮೆರಿಕಕ್ಕೆ ಹೋದರು. 1965ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದಾಗ ಫಜಿ ಗಣಗಳ ಬಗ್ಗೆ ಮೊದಲ ಪ್ರಬಂಧ ಪ್ರಕಟಿಸಿದರು. ಅಮೆರಿಕದ ಹಲವು ವಿದ್ವಾಂಸರು ಆಗ ಮೂಗು ಮುರಿದರು. ಕೈಗೆತ್ತಿಕೊಂಡವರು ಜಪಾನಿನವರು. 1987ರಲ್ಲಿ ಸೆಂಡೈ ನಗರದ ನೆಲದಡಿಯ ರೈಲು ಈ ತರ್ಕದ ಮೇಲೆ ಓಡತೊಡಗಿತು, ಮುಂದೆ ಅನ್ನದ ಕುಕ್ಕರು, ಬಟ್ಟೆ ಒಗೆಯುವ ಯಂತ್ರಗಳಿಗೂ ಬಂತು. ಝಾದೆ 2017ರಲ್ಲಿ ತೀರಿಕೊಂಡರು. ಅವರನ್ನು ದಫನ ಮಾಡಿದ್ದು ಹುಟ್ಟಿದ ಊರು ಬಾಕುವಿನಲ್ಲಿ.

ಅವರು ಗಣಿತದಲ್ಲಿ ಕಂಡದ್ದಕ್ಕೂ ಅವರ ಬದುಕಿಗೂ ನಂಟಿತ್ತು ಎಂದು ನಾನು ಹೇಳಲಾರೆ. ಅದು ಕತೆಗಾರನ ದುರಾಸೆ. ಆದರೆ ಇಷ್ಟು ಗಡಿ ದಾಟಿದವರನ್ನು ಒಂದೇ ಗೂಡಿಗೆ ಹಾಕಿ ಎಂದರೆ ಯಾವ ಗುಮಾಸ್ತನಾದರೂ ಪೆನ್ನು ಕೆಳಗಿಟ್ಟಾನು.

"ರೈಲು ಓಡಿಸುವವರ ಲೆಕ್ಕ ನಿನ್ನ ರಾಜ್ಯಶಾಸ್ತ್ರಕ್ಕೆ ಯಾಕೆ ಬೇಟಾ?" ಎಂದು ಕೇಳಿದೆ.

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ದೇಶಗಳ ರಾಜಕೀಯವನ್ನು ಹೋಲಿಸುವವರಿಗೆ ಒಂದು ಪೇಚಾಟವಿದೆ. ಅಂಕಿಅಂಶ ಶಾಸ್ತ್ರಕ್ಕೆ ನೂರಾರು, ಸಾವಿರಾರು ಮಾದರಿಗಳು ಬೇಕು. ಪ್ರಜಾಪ್ರಭುತ್ವ ಕುಸಿದ ದೇಶಗಳು, ಕ್ರಾಂತಿಯಾದ ದೇಶಗಳು ಅಷ್ಟು ಸಂಖ್ಯೆಯಲ್ಲಿ ಎಲ್ಲಿ ಸಿಗುತ್ತವೆ? ಹತ್ತೋ ಇಪ್ಪತ್ತೋ ಇರುತ್ತವೆ. ಇತಿಹಾಸಕಾರ ಒಂದೇ ದೇಶವನ್ನು ಆಳವಾಗಿ ಬಲ್ಲ, ಆದರೆ ಅದರಿಂದ ಉಳಿದವುಗಳ ಬಗ್ಗೆ ಏನು ಹೇಳಬಹುದೆಂದು ಅವನಿಗೆ ಗೊತ್ತಾಗುವುದಿಲ್ಲ. ಈ ಎರಡರ ನಡುವೆ ದಾರಿ ಹುಡುಕಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ರೇಗಿನ್. 1987ರ ಅವರ ಪುಸ್ತಕದಲ್ಲಿ ಪ್ರತಿ ದೇಶಕ್ಕೂ ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರವಿದ್ದವು. ದೇಶ ಶ್ರೀಮಂತವೇ? ಹೌದು, ಇಲ್ಲ. ಪ್ರಜಾಪ್ರಭುತ್ವ ಉಳಿಯಿತೇ? ಹೌದು, ಇಲ್ಲ. ದೇಶಗಳು ಹೀಗೆ ಉತ್ತರ ಕೊಡುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. 2000ದಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ ಅವರು ಝಾದೆಯವರ ಗಣಗಳನ್ನು ಸಮಾಜವಿಜ್ಞಾನಕ್ಕೆ ತಂದರು.

ಅವಳ ಪರದೆಯ ಮೇಲೆ ಒಂದು ಪಟ್ಟಿಯಿತ್ತು. ಈ ವಿಧಾನ ಕಲಿಯುವವರೆಲ್ಲ ಮೊದಲು ನೋಡುವ ಪಟ್ಟಿಯಂತೆ. ಎರಡು ಮಹಾಯುದ್ಧಗಳ ನಡುವಣ ಯುರೋಪಿನ ಹದಿನೆಂಟು ದೇಶಗಳು. ಎಂಟರಲ್ಲಿ ಪ್ರಜಾಪ್ರಭುತ್ವ ಉಳಿಯಿತು: ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಸ್ವೀಡನ್, ಫಿನ್ಲೆಂಡ್, ಐರ್ಲೆಂಡ್, ಜೆಕೊಸ್ಲೊವಾಕಿಯ. ಜೆಕೊಸ್ಲೊವಾಕಿಯವನ್ನು ಮುಗಿಸಿದ್ದು ಹೊರಗಿನಿಂದ ಬಂದ ಹಿಟ್ಲರನ ಸೈನ್ಯ, ಒಳಗಿನವರಲ್ಲ. ಉಳಿದ ಹತ್ತರಲ್ಲಿ ಕುಸಿಯಿತು: ಜರ್ಮನಿ, ಇಟಲಿ, ಆಸ್ಟ್ರಿಯ, ಸ್ಪೇನ್, ಪೋರ್ಚುಗಲ್, ಪೋಲೆಂಡ್, ಹಂಗೆರಿ, ರುಮೇನಿಯ, ಗ್ರೀಸ್, ಎಸ್ಟೋನಿಯ. ಯಾಕೆ ಕೆಲವು ಉಳಿದವು, ಯಾಕೆ ಕೆಲವು ಬಿದ್ದವು ಎಂಬುದು ಪ್ರಶ್ನೆ. ಪ್ರಜಾಪ್ರಭುತ್ವಕ್ಕೆ ಸಂಪತ್ತು, ನಗರ, ಅಕ್ಷರ, ಕೈಗಾರಿಕೆ ಬೇಕು ಎಂದು ಸೀಮೋರ್ ಲಿಪ್ಸೆಟ್ 1959ರಲ್ಲಿ ವಾದಿಸಿದ್ದರು. ಅವಕ್ಕೆ ಸರಕಾರಗಳ ಸ್ಥಿರತೆಯನ್ನೂ ಸೇರಿಸಿ ಐದು ಕಾಲಂ ಮಾಡಿದ್ದರು.

ಮೊದಲ ಕಾಲಂ ಸಂಪತ್ತಿನದು, ತಲಾ ಆದಾಯ ಡಾಲರಿನಲ್ಲಿ. ಅಲ್ಲಿಯೇ ನಾನು ಸಿಕ್ಕಿಬಿದ್ದೆ. ಹೌದು, ಇಲ್ಲ ಎಂಬ ಹಳೆಯ ರೀತಿಯಲ್ಲಿ ಮಾಡುವಾಗ 600 ಡಾಲರಿಗೆ ಗೆರೆ ಎಳೆದರೆ ಫಿನ್ಲೆಂಡ್ (590), ಜೆಕೊಸ್ಲೊವಾಕಿಯ (586) ಎರಡೂ ಬಡದೇಶಗಳ ಸಾಲಿಗೆ ಬೀಳುತ್ತವೆ, 320 ಡಾಲರಿನ ಪೋರ್ಚುಗಲ್ ಜೊತೆ. ಗೆರೆಯನ್ನು 550ಕ್ಕೆ ಇಳಿಸಿದರೆ ಎರಡೂ ಬ್ರಿಟನ್ನಿನ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಐವತ್ತು ಡಾಲರಿನಲ್ಲಿ ಎರಡು ದೇಶಗಳ ಹಣೆಬರಹ ಬದಲಾಯಿತು. 550ಕ್ಕೇ ಎಳೆಯಲು ಕಾರಣವಿದೆ ಎಂದಳು ಅವಳು. ಜೆಕೊಸ್ಲೊವಾಕಿಯದ ಕೆಳಗೆ ಬರುವ ಇಟಲಿ 517ರಲ್ಲಿದೆ, ನಡುವೆ ಖಾಲಿ ಜಾಗವಿದೆ. 600ರ ಗೆರೆ ಎಳೆದರೆ ಹತ್ತು ಡಾಲರಿನ ವ್ಯತ್ಯಾಸಕ್ಕೆ ಒಂದು ದೇಶವನ್ನು ಹೊರಗಟ್ಟಿದ ಹಾಗಾಗುತ್ತದೆ.

ಫಜಿ ರೀತಿಯಲ್ಲಿ ಒಂದರ ಬದಲು ಮೂರು ಗುರುತು ಇಡುತ್ತಾರೆ. 900 ಡಾಲರ್ ಇದ್ದರೆ ಸಾಕಷ್ಟು ಒಳಗೆ ಎಂದು ಒಪ್ಪೋಣ, 400ಕ್ಕಿಂತ ಕಡಿಮೆ ಇದ್ದರೆ ಸಾಕಷ್ಟು ಹೊರಗೆ, 550 ನಡುವಿನದು. ಆಗ ಬೆಲ್ಜಿಯಂಗೆ 0.99 ಬರುತ್ತದೆ, ಜರ್ಮನಿಗೆ 0.89, ಇಟಲಿಗೆ 0.34. ಫಿನ್ಲೆಂಡ್, ಜೆಕೊಸ್ಲೊವಾಕಿಯ ಎರಡಕ್ಕೂ 0.58, ನಡುವಿಗಿಂತ ತುಸು ಒಳಗೆ. ಅವು ಬೆಲ್ಜಿಯಂನಷ್ಟು ಶ್ರೀಮಂತವೂ ಅಲ್ಲ, ಪೋರ್ಚುಗಲ್‌ನಷ್ಟು ಬಡವೂ ಅಲ್ಲ ಎಂಬ ಸತ್ಯ ಆ ಸಂಖ್ಯೆಯಲ್ಲಿ ಉಳಿದುಕೊಂಡಿದೆ.

ಅಷ್ಟರಲ್ಲಿ ಮಡದಿ ಸಹರಿಗೆ ಎಬ್ಬಿಸಲು ಬಂದವಳು ನಾವು ಮಲಗಿಯೇ ಇಲ್ಲವೆಂದು ನೋಡಿ ಬೈದಳು. ಗೋಡೆಯ ಮೇಲೆ ಮಸೀದಿಯವರು ಕೊಟ್ಟ ಸಹರಿ, ಇಫ್ತಾರಿನ ಸಮಯದ ಪಟ್ಟಿ. ಆ ದಿನ ಸಹರಿ ಮುಗಿಯುವುದು 5.21ಕ್ಕೆ, ಮರುದಿನ 5.20ಕ್ಕೆ. ರೊಟ್ಟಿ ಮುರಿಯುತ್ತಾ ನಾನು ಹೇಳಿದೆ: "ಇದೂ ಅದೇ ಅಲ್ಲವೇನೆ? ಮೂಡಣದ ಬಿಳುಪು 5.20ಕ್ಕೆ ಇರಲಿಲ್ಲ, 5.21ಕ್ಕೆ ಬಂತು ಅಂತ ಇದೆಯೇ? ಆಕಾಶ ನಿಧಾನಕ್ಕೆ ಬೆಳಗಾಗುತ್ತದೆ. ನಾವು ಊಟ ನಿಲ್ಲಿಸುವುದು ಮಾತ್ರ ನಿಮಿಷ ನೋಡಿ."

"ಹೌದು ಮಾಮೂ," ಎಂದಳು. "ಊರೆಲ್ಲ ಕೂಡಿ ಉಪವಾಸ ಹಿಡಿಯಬೇಕಾದರೆ ಒಂದು ನಿಮಿಷ ಬೇಕೇ ಬೇಕು. ಅದು ನಮ್ಮ ಅನುಕೂಲಕ್ಕೆ. ಆಕಾಶದಲ್ಲೂ ಅಂಥ ಗೆರೆ ಇದೆ ಅಂದುಕೊಂಡರೆ ತಪ್ಪು ಶುರುವಾಗುತ್ತದೆ."

ಮರುರಾತ್ರಿ ಪಟ್ಟಿಯ ಮುಂದಿನ ಕಾಲಂ ನೋಡಿದೆವು. ಅಕ್ಷರಸ್ಥರ ಪ್ರಮಾಣ. ಬರಹಗಾರನಾದ ನನಗೆ ಇದರ ಮೇಲೆ ಹೆಚ್ಚು ಭರವಸೆ. ಉಳಿದ ಎಂಟೂ ದೇಶಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಓದು ಬಲ್ಲವರು. ಓದು ಬಾರದ ನಾಡಿನಲ್ಲಿ ಪ್ರಜಾಪ್ರಭುತ್ವ ಉಳಿದ ಉದಾಹರಣೆ ಈ ಪಟ್ಟಿಯಲ್ಲಿಲ್ಲ. ನಾನು ಹಿಗ್ಗಿದೆ. ಅವಳು ಬೆರಳನ್ನು ಕೆಳಗೆ ಸರಿಸಿದಳು. ಎಸ್ಟೋನಿಯ 95. ಆಸ್ಟ್ರಿಯ 98. ಜರ್ಮನಿ 98. ಗಯಟೆಯ ನಾಡು, ಪುಸ್ತಕಗಳ ನಾಡು, 1933ರಲ್ಲಿ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟ ನಾಡು. ಅಕ್ಷರ ಬೇಕು, ಆದರೆ ಅಕ್ಷರವೊಂದೇ ಸಾಲದು. ಬೇಕಾದದ್ದು ಬೇರೆ, ಸಾಕಾಗುವುದು ಬೇರೆ ಎಂದು ಬಿಡಿಸಿ ನೋಡುವುದೇ ಈ ವಿಧಾನದ ಮುಖ್ಯ ಕೆಲಸವಂತೆ.

ಹಾಗಾದರೆ ಯಾವುದು ಸಾಕು? ಒಂದೊಂದೇ ಕಾರಣವನ್ನು ಬಿಡಿಯಾಗಿ ತೂಗದೆ, ಕೂಡಿ ಬಂದ ಕಾರಣಗಳನ್ನು ಇಲ್ಲಿ ನೋಡುತ್ತಾರೆ. ಸಂಪತ್ತು, ಅಕ್ಷರ, ಸ್ಥಿರ ಸರಕಾರ ಮೂರೂ ಇರುವ ದೇಶಗಳ ಗಣದಲ್ಲಿ ಜರ್ಮನಿಗೆ ಎಷ್ಟು ಎಂದು ಕೇಳಿದರೆ ಮೂರರ ಸರಾಸರಿ ತೆಗೆಯುವುದಿಲ್ಲ. ಎಲ್ಲಕ್ಕಿಂತ ಕಡಿಮೆ ಇರುವ ಸಂಖ್ಯೆಯನ್ನೇ ತೆಗೆದುಕೊಳ್ಳುತ್ತಾರೆ. ಸೇದುವ ಹಗ್ಗ ಎಷ್ಟೇ ಗಟ್ಟಿಯಿದ್ದರೂ ಸವೆದ ಕಡೆಯಲ್ಲೇ ಅಲ್ಲವೇ ತುಂಡಾಗುವುದು? ಜರ್ಮನಿಯ ಹಗ್ಗ ಸವೆದದ್ದು ಮೇಲಿಂದ ಮೇಲೆ ಬಿದ್ದ ಸರಕಾರಗಳಲ್ಲಿ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಒಂದೇ ಊರಿಗೆ ಹಲವು ದಾರಿಗಳಿವೆ ಎಂಬುದನ್ನು ಈ ಲೆಕ್ಕ ಒಪ್ಪುತ್ತದೆ. ಬ್ರಿಟನ್, ಬೆಲ್ಜಿಯಂಗಳಲ್ಲಿ ನಗರವೂ ಇತ್ತು, ಕಾರ್ಖಾನೆಯೂ ಇತ್ತು. ಫಿನ್ಲೆಂಡ್, ಐರ್ಲೆಂಡ್‌ಗಳಲ್ಲಿ ಹೊಲಮನೆ ಹೆಚ್ಚು, ಕಾರ್ಖಾನೆ ಕಡಿಮೆ. ಆದರೂ ಅಕ್ಷರ ಮತ್ತು ಸ್ಥಿರ ಸರಕಾರಗಳ ಬಲದಿಂದ ಅವೂ ಉಳಿದವು. ಸರಾಸರಿ ತೆಗೆಯುವವರು ಈ ಎರಡು ಸಣ್ಣ ದೇಶಗಳನ್ನು ಸಾಮಾನ್ಯ ನಿಯಮದಿಂದ ದೂರ ಬಿದ್ದ ಚುಕ್ಕೆಗಳೆಂದು ಬಿಟ್ಟುಬಿಡಬಹುದಿತ್ತು. ಇಲ್ಲಿ ಅವು ತಮ್ಮದೇ ದಾರಿಯ ಸಾಕ್ಷಿಗಳಾಗಿ ನಿಲ್ಲುತ್ತವೆ. ಕೊನೆಗೆ ಪ್ರತಿ ದಾರಿಗೂ ಎರಡು ಪರೀಕ್ಷೆ ಮಾಡುತ್ತಾರೆ. ಆ ದಾರಿ ಹಿಡಿದವರು ಎಷ್ಟರಮಟ್ಟಿಗೆ ಊರು ಸೇರಿದರು ಎಂಬುದು ಒಂದು. ಊರು ಸೇರಿದವರಲ್ಲಿ ಎಷ್ಟು ಪಾಲು ಆ ದಾರಿಯಿಂದ ಬಂದವರು ಎಂಬುದು ಇನ್ನೊಂದು.

ಇಷ್ಟಾಗುವ ಹೊತ್ತಿಗೆ ನಾನು ತಿಳಿದವನ ಹಾಗೆ ಮಾತಾಡತೊಡಗಿದ್ದೆ. "ಹಾಗಾದರೆ ನಾನೂ ಫಜಿಯೇ. 0.6 ಕನ್ನಡ, 0.4 ಉರ್ದು" ಎಂದೆ.

ಅವಳು ನಕ್ಕಳು. "ಅದು ಶೇಕಡಾ ಲೆಕ್ಕ ಮಾಮೂ, ಗಣದ ಲೆಕ್ಕ ಅಲ್ಲ. ಕೂಡಿಸಿದರೆ ಒಂದೇ ಆಗಬೇಕು ಅಂತ ಯಾರು ಹೇಳಿದರು? ಬೆಲ್ಜಿಯಂ ಶ್ರೀಮಂತರ ಗಣದಲ್ಲೂ ಪೂರ್ತಿ ಇದೆ, ಅಕ್ಷರಸ್ಥರ ಗಣದಲ್ಲೂ ಪೂರ್ತಿ ಇದೆ. ಒಂದರಲ್ಲಿ ಹೆಚ್ಚಾದರೆ ಇನ್ನೊಂದರಲ್ಲಿ ಕಡಿಮೆ ಆಗಬೇಕಿಲ್ಲ. ನೀವು ಕನ್ನಡದಲ್ಲೂ ಒಂದು, ಉರ್ದುವಿನಲ್ಲೂ ಒಂದು ಇರಬಹುದು."

ಓದುಗರೇ, ಈ ಮಾತು ಸಣ್ಣದೆನಿಸಬಹುದು. ನನಗೆ ಹಾಗೆನಿಸಲಿಲ್ಲ. ಮೂವತ್ತು ವರ್ಷಗಳಿಂದ ನಾನು ನನ್ನನ್ನು ತುಂಡು ಮಾಡಿಕೊಂಡೇ ಲೆಕ್ಕ ಕೊಟ್ಟಿದ್ದೇನೆ. ಕನ್ನಡ ಸಭೆಗಳಲ್ಲಿ "ಮನೆಮಾತು ಉರ್ದುವಾದರೂ ಕನ್ನಡದಲ್ಲಿ ಬರೆಯುವ" ಎಂದು ನನ್ನನ್ನು ಪರಿಚಯಿಸುತ್ತಾರೆ, ಪ್ರೀತಿಯಿಂದಲೇ. ಆ "ಆದರೂ" ನನ್ನ ಹೆಸರಿನ ಭಾಗವೇ ಆಗಿಬಿಟ್ಟಿದೆ. ಮುಶಾಯಿರಾಗಳಿಗೆ ಹೋದರೆ "ಇವರು ಕನ್ನಡದವರು" ಎಂದು ಹಿಂದಿನ ಕುರ್ಚಿ ತೋರಿಸುತ್ತಾರೆ, ಅದೂ ಪ್ರೀತಿಯಿಂದಲೇ. ಮಗನ ಶಾಲೆಯ ಅರ್ಜಿಯಲ್ಲಿ ಮಾತೃಭಾಷೆಯ ಮುಂದೆ ಒಂದೇ ಗೂಡು. ಜನಗಣತಿಯಲ್ಲಿ ಕೂಡ ಮಾತೃಭಾಷೆ ಒಂದೇ, ಗೊತ್ತಿರುವ ಬೇರೆ ಭಾಷೆಗಳಿಗೆ ಬೇರೆ ಜಾಗ. ಗೂಡು ಒಂದೇ ಇರುವುದಕ್ಕೆ ಆಡಳಿತದ ಕಾರಣವಿರಬಹುದು, ಸಹರಿಯ ನಿಮಿಷದ ಹಾಗೆ. ಆದರೆ ಅರ್ಜಿಯ ಗೂಡನ್ನು ನಾನು ನನ್ನ ಎದೆಯೊಳಗೂ ಮಾಡಿಕೊಂಡಿದ್ದೆ.

ಅದು ಎಷ್ಟು ಆಳಕ್ಕೆ ಹೋಗಿತ್ತು ಎಂದು ತೋರಿಸಿದವಳೂ ಅವಳೇ. ನನ್ನ ಮೊದಲ ಸಂಕಲನದಲ್ಲಿ ಅಪ್ಪನ ಸಹಿಯ ಬಗ್ಗೆ ಒಂದು ಕತೆಯಿದೆ. ಕನ್ನಡ ಹೈಸ್ಕೂಲಿನ ಹುಡುಗನೊಬ್ಬ ಪ್ರಗತಿಪತ್ರ ತರುತ್ತಾನೆ. ಅಪ್ಪ ಅದರ ಮೇಲೆ ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಸಹಿ ಮಾಡುತ್ತಾನೆ. ಮೇಷ್ಟರು ಪತ್ರವನ್ನು ಅತ್ತಿತ್ತ ತಿರುಗಿಸಿ ನೋಡುತ್ತಾರೆ, ತರಗತಿ ನಗುತ್ತದೆ, ಹುಡುಗ ನಾಚಿಕೆಯಿಂದ ಕುಗ್ಗುತ್ತಾನೆ. ಹುಡುಗ ಕನ್ನಡದ ಒಳಗೆ ಬರುತ್ತಾ ಹೋದಂತೆ ಹೊರಗೇ ನಿಂತು ನೋಡುವ ಅಪ್ಪನ ಚಿತ್ರದೊಂದಿಗೆ ಕತೆ ಮುಗಿಯುತ್ತದೆ. ಆ ಕತೆಗೆ ಬಹುಮಾನ ಬಂದಿತ್ತು. ಹಲವರು ಕಣ್ಣೀರು ಹಾಕಿದ್ದಾಗಿ ಪತ್ರ ಬರೆದಿದ್ದರು. ಅಪ್ಪ ಬೇರೆ ಯಾರೂ ಅಲ್ಲ, ನನ್ನ ಅಬ್ಬಾನೇ.

"ಮಾಮೂ, ಆ ಕತೆಯಲ್ಲಿ ನಾನಾಗೆ ನೀವು ಸೊನ್ನೆ ಕೊಟ್ಟಿದ್ದೀರಿ" ಎಂದಳು.

ಕನ್ನಡ ಓದಲು ಬಾರದವರಿಗೆ ಇನ್ನೇನು ಕೊಡಬೇಕಿತ್ತು ಎಂದೆ. ಅವಳು ತನ್ನ ಅಮ್ಮನಿಂದ, ಅಂದರೆ ನನ್ನ ಅಕ್ಕನಿಂದ ಕೇಳಿದ್ದನ್ನು ನೆನಪಿಸಿದಳು. ಅದು ನನಗೂ ಗೊತ್ತಿದ್ದದ್ದೇ. ಬರೆಯುವಾಗ ಮಾತ್ರ ಅದಕ್ಕೆ ಕತೆಯಲ್ಲಿ ಜಾಗವಿರಲಿಲ್ಲ.

1982ರಲ್ಲಿ ಗೋಕಾಕ್ ಚಳವಳಿ ನಡೆದಾಗ ನನಗೆ ನಾಲ್ಕು ವರ್ಷ. ರಾಜಕುಮಾರ್ ಚಳವಳಿಗೆ ಇಳಿದ ಮೇಲೆ ನಮ್ಮ ಊರಲ್ಲೂ ಮೆರವಣಿಗೆ ಹೊರಟಿತು. ಅದಕ್ಕೆ ಬೇಕಾದ ಹಳದಿ ಕೆಂಪು ಬಾವುಟಗಳನ್ನು ಎರಡು ರಾತ್ರಿ ಕೂತು ಹೊಲಿದುಕೊಟ್ಟವರು ಅಬ್ಬಾ. ಕೂಲಿ ತೆಗೆದುಕೊಳ್ಳಲಿಲ್ಲವಂತೆ. ಮೆರವಣಿಗೆಯಲ್ಲಿ ತಾವೂ ಒಂದು ಬಾವುಟ ಹಿಡಿದು ನಡೆದರಂತೆ. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂಬುದು ಗೋಕಾಕ್ ವರದಿಯ ಮಾತು. ಉರ್ದು ಮಾತಾಡುವವರಲ್ಲಿ ಅದರ ಬಗ್ಗೆ ಆತಂಕವಿತ್ತು, ವಿರೋಧವೂ ಇತ್ತು. ನಮ್ಮ ಮೊಹಲ್ಲಾದವರು ಉರ್ದುವಿಗೆ ಧಕ್ಕೆಯಾಗಬಾರದೆಂದು ಮನವಿ ಬರೆದಾಗ ಅದಕ್ಕೂ ಅಬ್ಬಾ ಸಹಿ ಹಾಕಿದರು. "ಎರಡು ಕಡೆಯೂ ಹೇಗೆ ನಿಲ್ಲುತ್ತೀಯಾ?" ಎಂದು ಮೆರವಣಿಗೆಯವರೂ ಕೇಳಿದರು, ಮಸೀದಿಯ ಮುಂದೆಯೂ ಕೇಳಿದರು. ಅಮ್ಮೀ ಹೇಳುತ್ತಿದ್ದ ಪ್ರಕಾರ ಅಬ್ಬಾ ಏನೂ ಉತ್ತರ ಕೊಡಲಿಲ್ಲ. ಹೊಲಿಗೆಯ ಯಂತ್ರ ತುಳಿಯುತ್ತಾ ಕೂತರು.

ಅವರ ಅಳತೆ ಪುಸ್ತಕ ಈಗಲೂ ನನ್ನ ಕಪಾಟಿನಲ್ಲಿದೆ. ಆ ರಾತ್ರಿ ತೆಗೆದು ಅವಳಿಗೆ ತೋರಿಸಿದೆ. ಬಸಪ್ಪ, ಈರಣ್ಣ, ಮಾರುತಿ, ಗೌಡರ ಮನೆಯವರು. ಹೆಸರುಗಳೆಲ್ಲ ಕನ್ನಡದವು, ಲಿಪಿ ಉರ್ದು. ಎದೆ, ಸೊಂಟ, ತೋಳು, ಉದ್ದ ಎಂಬ ಕನ್ನಡ ಪದಗಳನ್ನೇ ಉರ್ದು ಅಕ್ಷರಗಳಲ್ಲಿ ಬರೆದುಕೊಂಡಿದ್ದಾರೆ. ಗಿರಾಕಿ ಕನ್ನಡದಲ್ಲಿ ಹೇಳಿದ್ದು, ಅಬ್ಬಾ ಕನ್ನಡದಲ್ಲೇ ಕೇಳಿದ್ದು, ಕೈ ಮಾತ್ರ ತನಗೆ ಗೊತ್ತಿದ್ದ ಹಾಗೆ ಬರೆದದ್ದು. ನಲವತ್ತು ವರ್ಷ ಒಂದು ಊರಿನ ಮೈಯಳತೆಯನ್ನೆಲ್ಲ ಕನ್ನಡದಲ್ಲಿ ಕೇಳಿಸಿಕೊಂಡವರನ್ನು ನಾನು ಕನ್ನಡದ ಹೊರಗೆ ನಿಲ್ಲಿಸಿದ್ದೆ. ಮೇಷ್ಟರಲ್ಲ, ತರಗತಿಯಲ್ಲ. ನಾನು.

ನಾನು ಎಳೆದ ಗೆರೆ ಯಾವುದು? ಲಿಪಿ. ಯಾಕೆ ಅದನ್ನೇ ಆರಿಸಿದೆ? ನಾನು ಕಷ್ಟಪಟ್ಟು ದಾಟಿದ ಗೆರೆ ಅದಾಗಿತ್ತು. ನನ್ನ ದಾಟುವಿಕೆ ದೊಡ್ಡದಾಗಿ ಕಾಣಲು ಅಬ್ಬಾ ಆಚೆ ಇರಬೇಕಿತ್ತು. ಅಲ್ಲದೆ, ಒಳಗೆ ಮತ್ತು ಹೊರಗೆ ಎಂದರೆ ಕತೆ ಬೇಗ ಹರಿತವಾಗುತ್ತದೆ. ಬಾವುಟ ಹೊಲಿದ ರಾತ್ರಿಗಳನ್ನು ಸೇರಿಸಿದ್ದರೆ ಓದುಗರ ಕಣ್ಣೀರು ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ.

ಆದರೂ ನನಗೊಂದು ಸಂಶಯ ಉಳಿದಿತ್ತು. ಸೊನ್ನೆಯ ಬದಲು ಈಗ 0.7 ಕೊಟ್ಟರೆ ನ್ಯಾಯವಾಯಿತೇ? ಆ 0.7 ಯಾರು ಕೊಟ್ಟದ್ದು? ದಶಾಂಶದ ಚುಕ್ಕೆ ಇಟ್ಟ ಕೂಡಲೆ ನಮ್ಮ ಅಭಿಪ್ರಾಯಕ್ಕೆ ವಿಜ್ಞಾನದ ಅಂಗಿ ತೊಡಿಸಿದ ಹಾಗಾಗುವುದಿಲ್ಲವೇ?

ಅವಳು ಈ ಸಂಶಯವನ್ನು ತಳ್ಳಿಹಾಕಲಿಲ್ಲ. ಈ ವಿಧಾನದ ಮೇಲಿರುವ ದೊಡ್ಡ ಟೀಕೆಯೇ ಅದು. ಗುರುತುಗಳನ್ನು ತುಸು ಸರಿಸಿದರೆ ಫಲಿತಾಂಶ ಬದಲಾಗಬಹುದು. ಹತ್ತಿಪ್ಪತ್ತು ದೇಶಗಳ ಪಟ್ಟಿಯಲ್ಲಿ ಒಂದು ದೇಶ ಜಾಗ ಬದಲಿಸಿದರೂ ದಾರಿ ಬದಲಾಗಬಹುದು. ಅದಕ್ಕೇ ಒಂದು ಕಟ್ಟಳೆಯಿದೆ. ಗುರುತು ಎಲ್ಲಿಟ್ಟೆ, ಯಾಕೆ ಅಲ್ಲಿಟ್ಟೆ ಎಂಬುದನ್ನು ಸಂಶೋಧಕ ಬರೆದು ತೋರಿಸಬೇಕು. ಸಂಖ್ಯೆಗಳ ಸರಾಸರಿಯಿಂದ ಗುರುತು ತೆಗೆಯಬಾರದು. ವಿಷಯವನ್ನು ಬಲ್ಲ ಅರಿವಿನಿಂದ ತೆಗೆಯಬೇಕು. ಗುರುತನ್ನು ಅತ್ತಿತ್ತ ಸರಿಸಿ ನೋಡಿದಾಗಲೂ ಉತ್ತರ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ ಹೇಳಬೇಕು. "550 ಯಾಕೆ ಅಂತ ಫಿನ್ಲೆಂಡ್ ಉತ್ತರ ಕೊಡಬೇಕಿಲ್ಲ ಮಾಮೂ. ಗೆರೆ ಎಳೆದವರು ಕೊಡಬೇಕು."

ಈ ದೇಶದಲ್ಲಿ ನಮ್ಮಂಥವರಿಗೆ ಅಭ್ಯಾಸವಾಗಿರುವುದು ಇದರ ತಿರುವುಮುರುವು. ನೀನು ಎಷ್ಟು ಒಳಗಿನವನು ಎಂದು ಕೇಳುತ್ತಾರೆ, ನಾವು ಪುರಾವೆ ಹುಡುಕಲು ಹೊರಡುತ್ತೇವೆ. ಗೆರೆಯನ್ನು ಅಲ್ಲಿಯೇ ಯಾಕೆ ಎಳೆದಿರಿ ಎಂದು ಕೇಳುವ ಧೈರ್ಯ ನಮಗೆ ಬರುವುದಿಲ್ಲ. ನಾವು ನಮ್ಮೊಳಗೆ ಮಾಡುವುದೂ ಅದನ್ನೇ ಎಂಬುದನ್ನು ಮರೆಯಬಾರದು. ನಮಾಜಿಗೆ ಬಾರದವನು, ಬುರ್ಖಾ ತೊಡದವಳು, ದರ್ಗಾಕ್ಕೆ ಹೋಗುವವನು, ಹೋಗದವನು ಎಂದು ನಮ್ಮ ಮೊಹಲ್ಲಾಗಳಲ್ಲಿ ದಿನವೂ ಎಷ್ಟು ಗೆರೆಗಳು ಏಳುತ್ತವೆ! ಎಳೆದವರು ಯಾರೂ ಲೆಕ್ಕ ಕೊಟ್ಟದ್ದನ್ನು ನಾನು ಕಂಡಿಲ್ಲ.

ಗೆರೆಯ ಮೇಲೆಯೇ ಕಣ್ಣಿಟ್ಟರೆ ಇನ್ನೊಂದು ಅಪಾಯವಿದೆ. ಅದಕ್ಕೆ ಅವಳು ನಮ್ಮ ದೇಶದ್ದೇ ಉದಾಹರಣೆ ಕೊಟ್ಟಳು. ಫ್ರೀಡಂ ಹೌಸ್ ಎಂಬ ಅಮೆರಿಕದ ಸಂಸ್ಥೆ ಪ್ರತಿವರ್ಷ ದೇಶಗಳ ಸ್ವಾತಂತ್ರ್ಯಕ್ಕೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಅದು ಫಜಿ ಗಣದ ಲೆಕ್ಕವಲ್ಲ, ಬೇರೆಯೇ ಪದ್ಧತಿ. ಅದರ 2019ರ ವರದಿಯಲ್ಲಿ ಭಾರತಕ್ಕೆ 75 ಅಂಕವಿತ್ತು, 2020ರಲ್ಲಿ 71, 2021ರಲ್ಲಿ 67. ಎರಡು ಸಲವೂ ಇಳಿದದ್ದು ನಾಲ್ಕೇ ಅಂಕ. ಮೊದಲ ಸಲ ಹೆಚ್ಚು ಸದ್ದಾಗಲಿಲ್ಲ, ಯಾಕೆಂದರೆ ದೇಶ "ಸ್ವತಂತ್ರ" ಎಂಬ ಗೂಡಿನಲ್ಲೇ ಉಳಿದಿತ್ತು. ಎರಡನೆಯ ಸಲ "ಭಾಗಶಃ ಸ್ವತಂತ್ರ" ಎಂಬ ಗೂಡಿಗೆ ಬಿತ್ತು. ಪತ್ರಿಕೆಗಳೆಲ್ಲ ಬರೆದವು, ಸರಕಾರ ವರದಿಯನ್ನು ತಿರಸ್ಕರಿಸಿತು. ಆ ಅಂಕಗಳು ಸರಿಯೇ ತಪ್ಪೇ ಎಂದು ಯಾರು ಬೇಕಾದರೂ ಜಗಳವಾಡಲಿ. ನಮ್ಮ ಗಮನ ಹೋದದ್ದು ಗೂಡು ಬದಲಾದ ದಿನ ಮಾತ್ರ ಎಂಬುದಂತೂ ನಿಜ. ಇಳಿಜಾರು ಅದಕ್ಕಿಂತ ಮೊದಲೇ ಶುರುವಾಗಿರುತ್ತದೆ. ಹತ್ತು ದೇಶಗಳಲ್ಲಿ ಪ್ರಜಾಪ್ರಭುತ್ವ ಕುಸಿದದ್ದನ್ನು ನಾವು ಇಸವಿ ಹಾಕಿ ಹೇಳುತ್ತೇವೆ. ಅಲ್ಲಿ ಬದುಕಿದ್ದವರಿಗೆ ಅದು ಒಂದೊಂದೇ ಅಂಕವಾಗಿ ಇಳಿದಿರಬೇಕು. ಕೊಂಚ ಕೊಂಚವಾಗಿ ಇಳಿಯುವುದನ್ನು ಕಾಣುವ ಕಣ್ಣು ಬೇಕು ಎಂಬುದಕ್ಕಾದರೂ ಈ ಲೆಕ್ಕ ಕಲಿಯಬೇಕು ಎನ್ನಿಸಿತು ನನಗೆ.

ಪದದ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿರಲಿಲ್ಲ. ಮಬ್ಬು ಗಣ ಎಂದರೆ ಬುದ್ಧಿ ಮಂಕಾದಂತೆ ಕೇಳುತ್ತದೆ ಎಂದಳು. ಉರ್ದುವಿನ ಧುಂದ್ಲಾ ಕಣ್ಣಿನ ಪೊರೆಯನ್ನು ನೆನಪಿಸುತ್ತದೆ ಎಂದೆ ನಾನು. ಕೊನೆಗೆ "ಅಂಚು ಮಸುಕಾದ ಗಣ" ಎಂದು ಒಪ್ಪಿಕೊಂಡೆವು. ಮಸುಕಾದದ್ದು ಅಂಚು, ಒಳಗಿನದಲ್ಲ ಎಂಬುದು ಅದರಲ್ಲಿ ಬರುತ್ತದೆ. ಇದಕ್ಕಿಂತ ಒಳ್ಳೆಯ ಪದ ಓದುಗರಿಗೆ ಹೊಳೆದರೆ ಅವಳಿಗೆ ತಲುಪಿಸುತ್ತೇನೆ.

ಈದ್ ಮುಗಿಸಿ ಹೊರಟಾಗ ಅವಳು ಅಳತೆ ಪುಸ್ತಕದ ಒಂದು ಪುಟದ ಫೋಟೊ ತೆಗೆದುಕೊಂಡಳು. ಭಾಷಣದಲ್ಲಿ ತೋರಿಸುತ್ತಾಳಂತೆ. ನನ್ನ ಸಂಕಲನದ ಎರಡನೆಯ ಮುದ್ರಣಕ್ಕೆ ಪ್ರಕಾಶಕರು ಕೇಳುತ್ತಿದ್ದಾರೆ. ಒಮ್ಮೆ ಪ್ರಕಟವಾದ ಕತೆಯನ್ನು ತಿದ್ದಬಾರದು ಎನ್ನುವವರಲ್ಲಿ ನಾನೂ ಒಬ್ಬ. ಈ ಸಲ ಆ ನಿಯಮ ಮುರಿದಿದ್ದೇನೆ. ಅಪ್ಪ ಪ್ರಗತಿಪತ್ರಕ್ಕೆ ಸಹಿ ಹಾಕುವ ಮೇಜಿನ ಮೇಲೆ ಹಳದಿ ಕೆಂಪು ಬಟ್ಟೆಯ ಚೂರುಗಳು ಬಿದ್ದಿವೆ ಎಂದು ಒಂದು ವಾಕ್ಯ ಸೇರಿಸಿದ್ದೇನೆ. ಕೊನೆಯಲ್ಲಿ ಹೊರಗೆ ನಿಂತು ನೋಡುವ ಅಪ್ಪನ ಚಿತ್ರವನ್ನು ತೆಗೆದುಹಾಕಿದ್ದೇನೆ. ಸಹಿಯನ್ನು ಮಾತ್ರ ಮುಟ್ಟಿಲ್ಲ. ಅದು ಉರ್ದುವಿನಲ್ಲೇ ಇದೆ.